ಹೆಡ್‌ಮಾಸ್ಟರರ ನೆನಪಿಗೆ ಪುಸ್ತಕ: ಗುಣಗಾನ ಆಮೇಲೆ, ಮೊದಲು ರಿಜಿಸ್ಟರು ತೆಗೆಯಿರಿ

ತೀರಿಕೊಂಡ ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಪುಸ್ತಕ ತರುವುದು, ದತ್ತಿ ಇಡುವುದು, ಫಲಕ ಹಾಕಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಸಂಪಾದನೆ, ಮುದ್ರಣ, ದಾಖಲೆ ರಕ್ಷಣೆಯ ಕೆಲಸ ಬಲ್ಲವರು ಸೇರಿ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೊಟ್ಟಿದೆ.

ಪ್ರಶ್ನೆ: ನಮ್ಮ ಹೆಡ್‌ಮಾಸ್ಟರರ ನೆನಪಿನ ಸಂಪುಟಕ್ಕೆ ಲೇಖನ ಕೇಳಿ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಹಾಕಿದೆವು. ನಲವತ್ತು ಲೇಖನ ಬಂದವು. ಎಲ್ಲದರಲ್ಲೂ ಅದೇ ‘ಶಿಸ್ತಿನ ಸಿಪಾಯಿ’, ‘ತಂದೆಯ ಸಮಾನ’, ‘ಕಾಯಕಯೋಗಿ’. ಒಂದನ್ನು ಓದಿದರೆ ನಲವತ್ತನ್ನೂ ಓದಿದ ಹಾಗೆ. ಏನು ಮಾಡೋಣ?

ತಪ್ಪು ಬರೆದವರದಲ್ಲ, ನಿಮ್ಮ ಪತ್ರದ್ದು. ‘ಸರ್ ಬಗ್ಗೆ ನಿಮ್ಮ ನೆನಪು ಬರೆದುಕೊಡಿ’ ಎಂದರೆ ಯಾರೇ ಆದರೂ ಸಭೆಯಲ್ಲಿ ಮೈಕ್ ಮುಂದೆ ನಿಂತವರ ಹಾಗೆ ಬರೆಯುತ್ತಾರೆ. ಪ್ರಶ್ನೆ ಸಣ್ಣದಾಗಬೇಕು, ಕಣ್ಣಿಗೆ ಕಂಡದ್ದನ್ನು ಕೇಳಬೇಕು. ಬೆಳಗಿನ ಗಂಟೆ ಹೊಡೆಯುವಾಗ ಅವರು ಎಲ್ಲಿ ನಿಂತಿರುತ್ತಿದ್ದರು? ತಡವಾಗಿ ಬಂದವನಿಗೆ ಮೊದಲು ಏನು ಕೇಳುತ್ತಿದ್ದರು? ಅವರ ಮೇಜಿನ ಮೇಲೆ ಏನೇನಿತ್ತು? ನೋಟ್‌ಬುಕ್ಕಿನಲ್ಲಿ ತಪ್ಪಿಗೆ ಯಾವ ಗುರುತು ಹಾಕುತ್ತಿದ್ದರು? ಶಿಕ್ಷಕರೊಬ್ಬರು ರಜೆ ಹಾಕಿದ ದಿನ ಆ ಕ್ಲಾಸಿಗೆ ಯಾರು ಬರುತ್ತಿದ್ದರು? ಅವರು ಒಮ್ಮೆ ತೆಗೆದುಕೊಂಡ ತೀರ್ಮಾನವನ್ನು ಬದಲಾಯಿಸಿದ್ದು ನೋಡಿದ್ದೀರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವುದು ಕಡಿಮೆ. ಬಂದರೆ ಮಾತ್ರ ಅದು ಇಡೀ ಪುಸ್ತಕದ ಒಳ್ಳೆಯ ಪುಟಗಳಲ್ಲಿ ಒಂದಾಗುತ್ತದೆ.

ಇಂಥ ಆರೇಳು ಪ್ರಶ್ನೆಗಳನ್ನು ಕಳಿಸಿ, ‘ಯಾವುದಾದರೂ ಒಂದಕ್ಕೆ ಉತ್ತರಿಸಿ, ಒಂದೇ ಪ್ರಸಂಗ ಸಾಕು, 400 ಪದ ಮೀರಬೇಡಿ, ಆಗ ಯಾವ ತರಗತಿಯಲ್ಲಿದ್ದಿರಿ ಎಂಬುದನ್ನು ಬರೆಯಿರಿ’ ಎಂದು ಕೇಳಿ. ಮಿತಿ ಹಾಕದಿದ್ದರೆ ಬರೆಯುವವರು ತಮ್ಮ ಉದ್ಯೋಗ, ಬಡ್ತಿ, ಪ್ರಶಸ್ತಿಗಳ ಕಥೆಗೆ ಹೊರಳಿಕೊಳ್ಳುತ್ತಾರೆ. ಹೆಡ್‌ಮಾಸ್ಟರರು ಕೊನೆಯ ಪ್ಯಾರಾದಲ್ಲಿ ಹಾರ ಹಾಕಿಸಿಕೊಳ್ಳಲು ಮಾತ್ರ ಬರುತ್ತಾರೆ.

ಈಗಾಗಲೇ ಬಂದಿರುವ ನಲವತ್ತನ್ನು ಎಸೆಯಬೇಕಿಲ್ಲ. ಒಂದು ಪ್ರತಿಯಲ್ಲಿ ಹೊಗಳಿಕೆಯ ಪದಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದದ್ದನ್ನು ಓದಿ. ಸಾಮಾನ್ಯವಾಗಿ ಎಲ್ಲೋ ಒಂದು ವಾಕ್ಯದಲ್ಲಿ ಜೀವ ಇರುತ್ತದೆ: ‘ಮಳೆ ಬಂದ ದಿನ ಅವರೇ ಗೇಟಿನ ಬಳಿ ನಿಲ್ಲುತ್ತಿದ್ದರು’ ಎಂಬಂಥದ್ದು. ಬರೆದವರಿಗೆ ಫೋನ್ ಮಾಡಿ ಅದೊಂದರ ಬಗ್ಗೆಯೇ ಕೇಳಿ. ಯಾಕೆ ನಿಲ್ಲುತ್ತಿದ್ದರು, ಕೊಡೆ ಹಿಡಿದಿದ್ದರಾ, ಚಿಕ್ಕ ಮಕ್ಕಳನ್ನು ಮೊದಲು ಬಿಡುತ್ತಿದ್ದರಾ? ಹತ್ತು ನಿಮಿಷದ ಮಾತಿನಲ್ಲಿ ಲೇಖನ ಬೇರೆಯೇ ಆಗುತ್ತದೆ. ಹೊಸದಾಗಿ ಬರೆದುಕೊಡಿ ಎಂದು ಕೇಳಿದರೆ ಬೇಸರಪಟ್ಟುಕೊಳ್ಳುವವರು ಇದಕ್ಕೆ ಖುಷಿಯಿಂದಲೇ ಮಾತಾಡುತ್ತಾರೆ.

ಇಸವಿಯ ಬಗ್ಗೆ ಒಂದು ಎಚ್ಚರಿಕೆ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ಘಟನೆಗಳು ಮುದಿವಯಸ್ಸಿನಲ್ಲೂ ಹೆಚ್ಚು ನೆನಪಿರುತ್ತವೆ ಎಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಶಾಲೆಯ ನೆನಪು ಗಟ್ಟಿಯಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ಘಟನೆ ನೆನಪಿದ್ದವರಿಗೆ ಇಸವಿ ನೆನಪಿರುತ್ತದೆಂದಲ್ಲ. ‘ಯಾವ ವರ್ಷ?’ ಎಂದು ಕೇಳಿದರೆ ಊಹಿಸಿ ಹೇಳುತ್ತಾರೆ. ‘ಆಗ ಕ್ಲಾಸ್ ಟೀಚರ್ ಯಾರು? ಹೊಸ ಕಟ್ಟಡ ಆಗಿತ್ತಾ? ನಿಮ್ಮ ತಮ್ಮ ಶಾಲೆಗೆ ಸೇರಿದ್ದನಾ?’ ಎಂದು ಕೇಳಿ, ಇಸವಿಯನ್ನು ನೀವೇ ದಾಖಲೆಯಿಂದ ಹಾಕಿ. ಇನ್ನೊಂದು, ಒಂದೇ ಪ್ರಸಂಗವನ್ನು ಐದಾರು ಮಂದಿ ಬರೆದಿದ್ದರೆ ಅದು ನಿಜವೆಂದು ಖುಷಿಪಡುವ ಮೊದಲು ‘ನೀವು ಅಲ್ಲಿದ್ದಿರಾ, ಕೇಳಿದ್ದಾ?’ ಎಂದು ಎಲ್ಲರಿಗೂ ಕೇಳಿ. ಹೆಸರಾಂತ ಹೆಡ್‌ಮಾಸ್ಟರರ ಸುತ್ತ ತಿರುಗುವ ಕಥೆಗಳಲ್ಲಿ ಕೆಲವು ಅವರಿಗಿಂತ ಮುಂಚಿನ ಹೆಡ್‌ಮಾಸ್ಟರರ ಸುತ್ತಲೂ ತಿರುಗಿರುತ್ತವೆ.

ಪ್ರಶ್ನೆ: ನಮ್ಮ ಮುಖ್ಯೋಪಾಧ್ಯಾಯಿನಿ ಮಾತು ಕಡಿಮೆ, ಭಾಷಣ ಮಾಡಿದವರಲ್ಲ, ಪ್ರಶಸ್ತಿ ಪಡೆದವರಲ್ಲ. ‘ಶಾಲೆಗಾಗಿ ಜೀವ ತೇದರು’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬರೆಯಲು ಕೂತರೆ ದಾಖಲೆಯೇ ಇಲ್ಲ.

ದಾಖಲೆ ಇದೆ, ಶಾಲೆಯ ಬೀರುವಿನಲ್ಲೇ ಇದೆ. ಮುಖ್ಯಸ್ಥರ ಕೆಲಸದ ಬಹುಭಾಗ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ವೇಳಾಪಟ್ಟಿ ಕೂಡಿಸುವುದು, ಬಿಟ್ಟುಹೋದ ಮಗುವನ್ನು ಮರಳಿ ಕರೆತರುವುದು, ಬರದ ಶಿಕ್ಷಕರ ಪಿರಿಯಡ್ ತುಂಬುವುದು, ಸೀಮೆಸುಣ್ಣದ ಲೆಕ್ಕ ಬರೆಯುವುದು ಇವೆಲ್ಲ ರಿಜಿಸ್ಟರುಗಳಲ್ಲಿ ಉಳಿಯುತ್ತವೆ, ನೆನಪಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಲೇಖನ ಕೇಳುವ ಮೊದಲೇ ಶಾಲೆಯ ಈಗಿನ ಮುಖ್ಯಸ್ಥರಿಗೆ ಬರಹದಲ್ಲಿ ಮನವಿ ಕೊಟ್ಟು ಹಳೆಯ ರಿಜಿಸ್ಟರುಗಳನ್ನು ಅಲ್ಲೇ ಕೂತು ನೋಡಲು ಅನುಮತಿ ಪಡೆಯಿರಿ. ಮನೆಗೆ ಒಯ್ಯುತ್ತೇವೆಂದು ಕೇಳಲೇಬೇಡಿ, ಕೊಟ್ಟರೂ ಒಯ್ಯಬೇಡಿ.

ಮೊದಲು ದಾಖಲಾತಿ ಪುಸ್ತಕ. ಒಂದೊಂದು ಸಾಲಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಪೋಷಕರ ಕಸುಬು, ಸೇರಿದ ತರಗತಿ ಮತ್ತು ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇರುತ್ತವೆ. ಆಕೆ ಬರುವ ಮುಂಚಿನ ಮೂರು ವರ್ಷ, ಆಕೆಯ ಅವಧಿ, ಹೋದ ನಂತರದ ಮೂರು ವರ್ಷ, ಇಷ್ಟನ್ನು ಬಿಳಿ ಹಾಳೆಯ ಮೇಲೆ ವರ್ಷಕ್ಕೊಂದು ಸಾಲಿನಂತೆ ಎಣಿಸಿ. ಎಷ್ಟು ಮಂದಿ ಸೇರಿದರು, ಅವರಲ್ಲಿ ಹುಡುಗಿಯರೆಷ್ಟು, ಕೊನೆಯ ತರಗತಿ ಮುಟ್ಟುವ ಮೊದಲೇ ಬಿಟ್ಟವರೆಷ್ಟು, ಕಾರಣದ ಕಲಂನಲ್ಲಿ ಏನಿದೆ. ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ವಿಶೇಷವಾಗಿ ನೋಡಿ. ಒಂದು ವರ್ಷ ಬಿಟ್ಟು ಮರುವರ್ಷ ಮರಳಿ ಸೇರಿದ ಮಗು, ಪಕ್ಕದಲ್ಲಿ ಮುಖ್ಯಸ್ಥರ ಕೈಬರಹದಲ್ಲಿ ಅರ್ಧ ಸಾಲಿನ ಟಿಪ್ಪಣಿ. ‘ಶಾಲೆಗಾಗಿ ಜೀವ ತೇದರು’ ಎಂಬ ಮಾತಿಗೆ ಅಷ್ಟು ಗಟ್ಟಿ ಆಧಾರ ಇನ್ನೆಲ್ಲೂ ಸಿಗುವುದಿಲ್ಲ.

ಆದರೆ ಸಂಖ್ಯೆ ಏರಿದ ಕೂಡಲೇ ಅದು ಅವರ ಪುಣ್ಯವೆಂದು ಬರೆಯಬೇಡಿ. ಅದೇ ವರ್ಷ ಹೊಸ ತರಗತಿ ಮಂಜೂರಾಗಿರಬಹುದು, ಹತ್ತಿರದ ಶಾಲೆ ಮುಚ್ಚಿರಬಹುದು, ಬಸ್ಸು ಬಂದಿರಬಹುದು. ಅಕ್ಕಪಕ್ಕದ ಇನ್ನೊಂದು ಶಾಲೆಯ ಅದೇ ವರ್ಷಗಳ ಸಂಖ್ಯೆ ಸಿಕ್ಕರೆ ಹೋಲಿಸಿ. ಅಲ್ಲೂ ಅಷ್ಟೇ ಏರಿದ್ದರೆ ಕಾರಣ ಬೇರೆ. ಅಲ್ಲಿ ಏರದೆ ಇಲ್ಲಿ ಏರಿದ್ದರೆ ಆಗ ಬರೆಯಲು ಏನೋ ಇದೆ ಎಂದರ್ಥ.

ಆಮೇಲೆ ಬದಲಿ ಪಿರಿಯಡ್‌ಗಳ ಪುಸ್ತಕ, ಕೆಲವೆಡೆ ಬರಿಯ ಒಂದು ನೋಟ್‌ಬುಕ್. ಗೈರಾದ ಶಿಕ್ಷಕರ ತರಗತಿಯನ್ನು ಯಾರು ತೆಗೆದುಕೊಂಡರು ಎಂದು ಅದರಲ್ಲಿರುತ್ತದೆ. ಮುಖ್ಯಸ್ಥರ ಸಹಿ ಅಲ್ಲಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಯಾವ ತರಗತಿಗಳ ಎದುರು ಬರುತ್ತದೆ ಎಂದು ನೋಡಿ. ದಿನದ ಕೊನೆಯ ಪಿರಿಯಡ್‌ಗಳೇ ಹೆಚ್ಚಾಗಿದ್ದರೆ ಅದನ್ನು ಪುಸ್ತಕದಲ್ಲಿ ಬರೆಯಿರಿ, ವಿವರಣೆ ಬೇಕಿಲ್ಲ. ಗ್ರಂಥಾಲಯದ ಪ್ರವೇಶ ಪುಸ್ತಕದಲ್ಲಿ ಕ್ರಮಸಂಖ್ಯೆ ಮತ್ತು ತಾರೀಕು ಇರುವುದರಿಂದ ಯಾವ ವರ್ಷ ಎಷ್ಟು ಪುಸ್ತಕ ಸೇರಿತು ಎಂಬುದು ಹತ್ತೇ ನಿಮಿಷದ ಲೆಕ್ಕ. ಆದರೆ ಪುಸ್ತಕ ಕೊಂಡದ್ದಷ್ಟೇ ನೋಡಿ ಮೆಚ್ಚಿಕೊಳ್ಳಬೇಡಿ. ಎರವಲು ಪುಸ್ತಕವನ್ನೂ ತೆರೆದು ಮಕ್ಕಳ ಕೈಗೆ ಹೋಯಿತೇ ಎಂದು ನೋಡಿ. ತನಿಖಾಧಿಕಾರಿಗಳು ಬರೆದ ಟಿಪ್ಪಣಿ, ಅದಕ್ಕೆ ಮುಖ್ಯಸ್ಥರು ಕೊಟ್ಟ ಉತ್ತರ, ಶಿಕ್ಷಕರ ಸಭೆಯ ನಡಾವಳಿ, ಸಾದಿಲ್ವಾರು (ಚಿಲ್ಲರೆ) ಖರ್ಚಿನ ಪುಸ್ತಕ ಇವೂ ಉಪಯುಕ್ತ. ನಡಾವಳಿಯಲ್ಲಿ ಯಾರೋ ಅವರ ಮಾತನ್ನು ವಿರೋಧಿಸಿದ್ದು ದಾಖಲಾಗಿದ್ದರೆ ಬಿಡದೆ ಓದಿ. ವಿರೋಧವನ್ನೂ ಬರೆಸಿದ ಮುಖ್ಯಸ್ಥರು ಎಂಥವರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅವಧಿಯ ಆದೇಶಪತ್ರ ಸಿಗದಿದ್ದರೆ ಸಹಿಯ ದಾರಿ ಇದೆ. ಹಳೆಯ ವಿದ್ಯಾರ್ಥಿಗಳ ಬಳಿ ಇರುವ ವರ್ಗಾವಣೆ ಪತ್ರ, ಅಂಕಪಟ್ಟಿ, ಬಹುಮಾನ ಪತ್ರಗಳಲ್ಲಿ ಅವರ ಸಹಿ ಇರುವ ಅತಿ ಹಳೆಯದನ್ನೂ ಅತಿ ಈಚಿನದನ್ನೂ ಹುಡುಕಿ. ಅವಧಿ ಕನಿಷ್ಠ ಅಷ್ಟಿತ್ತು. ನಡುವೆ ಬೇರೆಯವರ ಸಹಿ ಬಂದಿದ್ದರೆ ದೀರ್ಘ ರಜೆಯೋ ಪ್ರಭಾರವೋ ಆಗಿರುತ್ತದೆ. ಹುಟ್ಟಿದ ದಿನ ದಾಖಲೆಯಲ್ಲೊಂದು, ಮನೆಯವರ ಬಾಯಲ್ಲೊಂದು ಇದ್ದರೆ ಎರಡನ್ನೂ ಕೊಡಿ, ಯಾವುದು ಎಲ್ಲಿಂದ ಬಂತೆಂದು ಹೇಳಿ.

ರಿಜಿಸ್ಟರು ಮುಟ್ಟುವ ಬಗ್ಗೆ: ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಹತ್ತಿಯ ಕೈಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಜೀರ್ಣವಾದ ಹಾಳೆ ಹರಿಯುತ್ತದೆ. ಎಂಜಲು ಹಚ್ಚಿ ಪುಟ ತಿರುಗಿಸಬೇಡಿ. ಬೆನ್ನು ಬಿಗಿಯಾಗಿರುವ ಪುಸ್ತಕವನ್ನು ಒತ್ತಿ ಅಗಲಿಸಬೇಡಿ, ಎರಡೂ ಬದಿಗೆ ಮಡಿಸಿದ ಬಟ್ಟೆ ಇಟ್ಟು ಅರ್ಧ ತೆರೆದೇ ಫೋಟೊ ತೆಗೆಯಿರಿ. ಮಕ್ಕಳ ಹೆಸರು, ಜಾತಿ, ಅಂಕ, ಶುಲ್ಕ ವಿನಾಯಿತಿ ಇವು ಅಚ್ಚಿಗೆ ಹೋಗಕೂಡದು. ಎಣಿಕೆ ಮಾತ್ರ ಅಚ್ಚಾಗಲಿ.

ಪ್ರಶ್ನೆ: ಅವರ ಜೊತೆ ಕೆಲಸ ಮಾಡಿದ ಹಿರಿಯ ಶಿಕ್ಷಕರೊಬ್ಬರಿಗೆ ಎಂಬತ್ತೈದು ದಾಟಿದೆ. ಬರೆಯಲಾರರು. ಅವರ ಮಾತನ್ನು ಧ್ವನಿಮುದ್ರಣ ಮಾಡುವಾಗ ಏನು ಗಮನಿಸಬೇಕು?

ಮೊದಲು ಅವರ ಬಳಿಗೆ ಹೋಗಿ, ಲೇಖನಗಳನ್ನು ಆಮೇಲೆ ನೋಡಿಕೊಳ್ಳಿ. ಒಂದು ಕೂರುವಿಕೆ 45 ನಿಮಿಷ ಮೀರಬಾರದು, ಬೆಳಗಿನ ಹೊತ್ತು ಮೇಲು. ಫೋನಿನಲ್ಲೇ ಮುದ್ರಿಸಬಹುದು, ಏರೋಪ್ಲೇನ್ ಮೋಡ್‌ನಲ್ಲಿಡಿ, ಇಲ್ಲವಾದರೆ ಕರೆ ಬಂದಾಗ ಕೆಲವು ಆ್ಯಪ್‌ಗಳು ಮುದ್ರಣವನ್ನೇ ನಿಲ್ಲಿಸುತ್ತವೆ. ಫೋನು ಅವರ ಬಾಯಿಂದ ಒಂದೆರಡು ಅಡಿ ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ ಇರಲಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದು, ಬೆರಳು ತಟ್ಟಿದ ಸದ್ದು ಮಾತಿಗಿಂತ ಜೋರಾಗಿ ಕೇಳುತ್ತದೆ. ಫ್ಯಾನ್ ನಿಲ್ಲಿಸಿ. ಡಬ್ಲ್ಯುಎವಿ (WAV) ಎಂಬ ಧ್ವನಿಕಡತದ ರೂಪದಲ್ಲಿ, ಒಂದೇ ಚಾನೆಲ್, 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ, ಜಾಗ ಮೊದಲೇ ನೋಡಿಕೊಳ್ಳಿ. ಎರಡು ನಿಮಿಷ ಮುದ್ರಿಸಿ ಕೇಳಿದ ಮೇಲೆಯೇ ನಿಜವಾದ ಮಾತು ಶುರುಮಾಡಿ.

ಆರಂಭದಲ್ಲಿ ದಿನಾಂಕ, ಸ್ಥಳ, ಯಾರು ಯಾರು ಇದ್ದೀರಿ ಎಂಬುದನ್ನು ಹೇಳಿ, ಮುದ್ರಿಸಲು ಮತ್ತು ಪುಸ್ತಕದಲ್ಲಿ ಬಳಸಲು ಅವರ ಒಪ್ಪಿಗೆಯನ್ನು ಅವರ ದನಿಯಲ್ಲೇ ದಾಖಲಿಸಿ. ಹಳೆಯ ಗುಂಪು ಫೋಟೊ ಒಂದನ್ನು ಕೈಗೆ ಕೊಟ್ಟರೆ ಪ್ರಶ್ನೆಯ ಅಗತ್ಯವೇ ಬೀಳದೆ ಮಾತು ಬರುತ್ತದೆ. ‘ಹೂಂ, ಹೌದೌದು’ ಎಂದು ಬಾಯಲ್ಲಿ ಹೇಳದೆ ತಲೆಯಾಡಿಸಿ. ಬರಹಕ್ಕಿಳಿಸುವಾಗ ಅದು ಎಷ್ಟು ಕಾಟ ಎಂದು ತಿಳಿಯುತ್ತದೆ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆ ಕೇಳುವ ಅವಸರದಲ್ಲಿ ಒಳ್ಳೆಯ ಮಾತು ಎಷ್ಟೋ ಸಲ ಗಂಟಲಲ್ಲೇ ಉಳಿದುಬಿಡುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಧ್ವನಿಯಿಂದ ಬರಹಕ್ಕಿಳಿಸುವ ಆ್ಯಪ್‌ಗಳು ನೆರವಾಗುತ್ತವೆ, ಆದರೆ ವ್ಯಕ್ತಿಗಳ ಹೆಸರು, ಊರಿನ ಹೆಸರು, ಆಡುನುಡಿಯ ಕ್ರಿಯಾಪದ ಇವುಗಳಲ್ಲಿ ಎಡವುತ್ತವೆ. ಕಿವಿಯಿಟ್ಟು ಒಮ್ಮೆ ಸರಿಪಡಿಸಲೇಬೇಕು. ಅವರ ಮಾತಿನ ಧಾಟಿಯನ್ನು ಗ್ರಾಂಥಿಕ ಮಾಡಬೇಡಿ.

ಪ್ರಶ್ನೆ: ಹಳೆಯ ಫೋಟೊಗಳನ್ನು ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಾರೆ. ಮುದ್ರಕರು ‘ಇವು ಬರುವುದಿಲ್ಲ’ ಎನ್ನುತ್ತಿದ್ದಾರೆ.

ಮುದ್ರಕರು ಹೇಳಿದ್ದು ಸರಿ. ಫೋಟೊ ಎಂದು ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲದಂತೆಯೇ ಬರುತ್ತದೆ. ಸಾಧ್ಯವಾದಷ್ಟೂ ಮೂಲ ಪ್ರತಿಯನ್ನೇ ತರಿಸಿ ಸ್ಕ್ಯಾನ್ ಮಾಡಿ. ಲೆಕ್ಕ ಸರಳ: ಪುಸ್ತಕಕ್ಕೆ ಒಂದು ಅಂಗುಲಕ್ಕೆ 300 ಚುಕ್ಕಿ (300 ಡಿಪಿಐ) ಬೇಕು. 3×2 ಅಂಗುಲದ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 6×4 ಅಂಗುಲದವರೆಗೆ ಹಿಗ್ಗಿಸಿ ಅಚ್ಚು ಹಾಕಬಹುದು. ಗುಂಪು ಫೋಟೊದಿಂದ ಹೆಡ್‌ಮಾಸ್ಟರರ ಮುಖವೊಂದನ್ನೇ ಬೇಕೆಂದರೆ 1200ಕ್ಕಿಂತ ಕಡಿಮೆ ಬೇಡ. ಒಂದು ಸೆಂಟಿಮೀಟರಿನ ಮುಖ ಆಗ ನಾಲ್ಕು ಸೆಂಟಿಮೀಟರಿನವರೆಗೆ ತಡೆಯುತ್ತದೆ, ಅದೂ ಮೂಲ ಫೋಟೊ ಚೂಪಾಗಿದ್ದರೆ. ಟಿಫ್ (TIFF) ಎಂಬ ಚಿತ್ರಕಡತದ ರೂಪದಲ್ಲಿ ಉಳಿಸಿ, ಕಪ್ಪುಬಿಳುಪಿನದನ್ನೂ ಬಣ್ಣದ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಕಲೆ, ಹಳದಿ ತೆಗೆಯಲು ಆಮೇಲೆ ಅನುಕೂಲ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಲೇಬೇಡಿ. ಮುಖದ ಮೇಲಿನ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟುಹಾಳೆಯ ಆಲ್ಬಂನಲ್ಲಿ ಸಿಕ್ಕಿಕೊಂಡಿದ್ದರೆ ಹಲ್ಲು ಶುಚಿಮಾಡುವ ತೆಳು ದಾರವನ್ನು ಮೂಲೆಯಿಂದ ಗರಗಸದಂತೆ ನಿಧಾನವಾಗಿ ಆಡಿಸಿದರೆ ಬಿಡಬಹುದು. ಒಂದು ಮೂಲೆ ಪ್ರಯತ್ನಿಸಿ, ಬಗ್ಗುತ್ತಿದೆ ಅನಿಸಿದರೆ ಪುಟವನ್ನೇ ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದೆ ಫೋನಿನಲ್ಲಿ ತೆಗೆಯಬೇಕಾದರೆ ಎಡಬಲದಿಂದ 45 ಡಿಗ್ರಿ ಕೋನದಲ್ಲಿ ಎರಡು ದೀಪ, ಫೋನು ನೆಟ್ಟಗೆ ಮೇಲೆ, ಫ್ಲ್ಯಾಶ್ ಬೇಡ.

ಹೆಸರಿಲ್ಲದ ಗುಂಪು ಫೋಟೊ ಪುಸ್ತಕದಲ್ಲಿ ಬರಿ ಜಾಗ ತಿನ್ನುತ್ತದೆ. ಅದರ ಮೇಲೆ ತೆಳು ಟ್ರೇಸಿಂಗ್ ಹಾಳೆ ಇಟ್ಟು, ಒತ್ತದೆ ತಲೆಗಳ ಸುತ್ತು ಬರೆದು ಸಂಖ್ಯೆ ಕೊಡಿ. ಆ ಹಾಳೆಯ ನಕಲನ್ನು ನಾಲ್ಕೈದು ಮಂದಿಗೆ ಬೇರೆ ಬೇರೆಯಾಗಿ ಕೊಟ್ಟು ಹೆಸರು ತುಂಬಿಸಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರು ಹೇಳಿದ ಹೆಸರೇ ಖಾಯಂ ಆಗುತ್ತದೆ. ಮೂಲದ ಹಿಂಬದಿಯಲ್ಲಿ ಬಾಲ್‌ಪೆನ್ ಬೇಡ, ಮುಂಭಾಗಕ್ಕೆ ಉಬ್ಬು ಬರುತ್ತದೆ, ಶಾಯಿಯೂ ಹರಡುತ್ತದೆ. ಕಾಗದದ ಹಿಂಬದಿಯಾದರೆ ಮೆತ್ತನೆಯ ಪೆನ್ಸಿಲ್, ಪ್ಲಾಸ್ಟಿಕ್ ಲೇಪದ್ದಾದರೆ ಲಕೋಟೆಯ ಮೇಲೆ ಬರೆಯಿರಿ.

ಪ್ರಶ್ನೆ: ಅವರು ಬೆತ್ತ ಬಳಸುತ್ತಿದ್ದರು. ಕೆಲವರು ಆ ಪ್ರಸಂಗ ಬರೆದಿದ್ದಾರೆ. ಮನೆಯವರು ‘ತೆಗೆಯಿರಿ’ ಎನ್ನುತ್ತಾರೆ. ಸಂಪಾದಕರು ಯಾರ ಮಾತು ಕೇಳಬೇಕು?

ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಿಂದ 1842ರಲ್ಲಿ ಸಾಯುವವರೆಗೂ ಹೆಡ್‌ಮಾಸ್ಟರಾಗಿದ್ದ ಥಾಮಸ್ ಅರ್ನಾಲ್ಡ್ ಅವರ ಜೀವನಚರಿತ್ರೆಯನ್ನು ಅವರ ಶಿಷ್ಯ ಸ್ಟ್ಯಾನ್ಲಿ 1844ರಲ್ಲಿ ಹೊರತಂದರು. ಭಕ್ತಿಯಿಂದ ಬರೆದದ್ದು, ಜೊತೆಗೆ ಪತ್ರಗಳನ್ನೂ ಕೊಟ್ಟರು. 1918ರಲ್ಲಿ ಇಂಗ್ಲಿಷ್ ಲೇಖಕ ಲಿಟನ್ ಸ್ಟ್ರೇಚಿ ಅದೇ ಅರ್ನಾಲ್ಡರನ್ನು ಲೇವಡಿ ಮಾಡಿ ಕಿರುಚಿತ್ರಣ ಬರೆದರು. ಭಕ್ತಿಯ ಪುಸ್ತಕ ಬಿಟ್ಟ ಜಾಗವನ್ನು ಮುಂದೆ ಯಾರಾದರೂ ತುಂಬುತ್ತಾರೆ, ಅವರಿಗೆ ನಿಮ್ಮಷ್ಟು ಕರುಣೆ ಇರಬೇಕಿಲ್ಲ.

ನಮ್ಮ ಅಭಿಪ್ರಾಯ: ಇರಲಿ. ಆದರೆ ಹೇಗೆ ಇರಬೇಕು ಎಂಬುದೇ ಮುಖ್ಯ. ಹೊಡೆತ ತಿಂದವರೇ ತಮ್ಮ ಹೆಸರು ಹಾಕಿ ಬರೆದಿರಬೇಕು, ಕೇಳಿದ ಕಥೆ ಬೇಡ. ಘಟನೆ ಏನಾಯಿತೋ ಅಷ್ಟೇ ಇರಲಿ. ‘ಆ ಏಟೇ ನನ್ನನ್ನು ಮನುಷ್ಯನನ್ನಾಗಿ ಮಾಡಿತು’ ಎಂಬ ಸಮರ್ಥನೆ ಬಂದರೆ ಅದನ್ನು ಬರೆದವರ ಮಾತಾಗಿಯೇ ಬಿಡಿ, ಸಂಪಾದಕೀಯದಲ್ಲಿ ಅದನ್ನು ಎತ್ತಿ ಹಿಡಿಯಬೇಡಿ. ಅದೇ ಏಟಿಗೆ ಶಾಲೆ ಬಿಟ್ಟವನು ನಿಮ್ಮ ವಿಳಾಸ ಪಟ್ಟಿಯಲ್ಲಿ ಇಲ್ಲ. ಅವರು ಕಾಲಕ್ರಮದಲ್ಲಿ ಬೆತ್ತ ಬಿಟ್ಟಿದ್ದರೆ ಯಾವಾಗ, ಯಾಕೆ ಎಂದು ಸಹೋದ್ಯೋಗಿಗಳನ್ನು ಕೇಳಿ. ಮನೆಯವರಿಗೆ ಕರಡು ತೋರಿಸುವುದು ಸೌಜನ್ಯ. ತಪ್ಪು ತಿದ್ದುವ ಅಧಿಕಾರ ಅವರಿಗಿರಲಿ, ಮನೆಯೊಳಗಿನ ವಿಷಯ, ಕಾಯಿಲೆ, ಹಣಕಾಸು ಇವನ್ನು ತೆಗೆಸುವ ಅಧಿಕಾರವೂ ಇರಲಿ. ಶಾಲೆಯ ಅಂಗಳದಲ್ಲಿ ನಡೆದದ್ದರ ಮೇಲೆ ಮಾತ್ರ ಬೇಡ. ಈ ಗೆರೆಯನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿಕೊಳ್ಳಿ. ಪುಟ ಕಟ್ಟಿದ ಮೇಲೆ ಈ ಚರ್ಚೆ ಶುರುವಾದರೆ ಪುಸ್ತಕ ವರ್ಷಗಟ್ಟಲೆ ಮೇಜಿನ ಮೇಲೆ ಮಲಗುತ್ತದೆ.

ಪ್ರಶ್ನೆ: ಅವರು ಶಿಷ್ಯರಿಗೆ ಬರೆದ ಪತ್ರಗಳನ್ನು ಅಚ್ಚು ಹಾಕಬಹುದೇ? ಪತ್ರ ಬಂದವರು ಒಪ್ಪಿದ್ದಾರೆ.

ಅಷ್ಟು ಸಾಲದು. ಪತ್ರದ ಕಾಗದ ಪಡೆದವರದು, ಬರಹದ ಹಕ್ಕು ಬರೆದವರದು. ಬಹುತೇಕ ದೇಶಗಳ ಕಾನೂನು ಹೀಗೇ ಇದೆ. ಅವರ ನಂತರ ಆ ಹಕ್ಕು ವಾರಸುದಾರರದು. ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಪತ್ರದಲ್ಲಿ ಮೂರನೆಯವರ ಮಾತು ಬಂದಿದ್ದರೆ ಆ ಸಾಲು ಬಿಟ್ಟು ಮೂರು ಚುಕ್ಕಿ ಹಾಕಿ.

ಪ್ರಶ್ನೆ: ಪುಸ್ತಕ ಎಷ್ಟು ಪುಟವಾಗುತ್ತದೆ ಎಂದು ಮೊದಲೇ ಅಂದಾಜು ಮಾಡುವುದು ಹೇಗೆ? ಬಂದ ಲೇಖನಗಳು ಬೇರೆ ಬೇರೆ ತಂತ್ರಾಂಶದಲ್ಲಿವೆ.

ಡೆಮಿ ಅಷ್ಟದಳ (ಸಾಮಾನ್ಯ ಪುಸ್ತಕದ ಅಳತೆ) ಆಕಾರದಲ್ಲಿ, 12 ಪಾಯಿಂಟ್ ಅಕ್ಷರದಲ್ಲಿ, ಕನ್ನಡದ ಪುಟಕ್ಕೆ 200ರಿಂದ 240 ಪದ ಹಿಡಿಯುತ್ತದೆ. 400 ಪದದ ನಲವತ್ತು ಲೇಖನವೆಂದರೆ 16,000 ಪದ, ಅಂದಾಜು 73 ಪುಟ. ಪ್ರತಿ ಲೇಖನ ಹೊಸ ಪುಟದಲ್ಲಿ ಶುರುವಾದರೆ ಅರ್ಧ ಖಾಲಿ ಪುಟಗಳು ಸೇರಿ 90 ದಾಟುತ್ತದೆ. ಅದರ ಮೇಲೆ ಫೋಟೊ, ಕಾಲಾನುಕ್ರಮಣಿಕೆ, ಪರಿವಿಡಿ. ಮುದ್ರಣ 16 ಪುಟಗಳ ಫಾರಂ ಲೆಕ್ಕದಲ್ಲಿ ನಡೆಯುವುದರಿಂದ 128 ಅಥವಾ 144ಕ್ಕೆ ನಿಲ್ಲಿಸಿ. 131 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹೊರೆ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬಂದದ್ದನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಓದಬೇಕು. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ‘ರ‍್ಯಾಂಕ್’ ಎಂಬಂಥ ಪದಗಳಲ್ಲಿ ರಕಾರದ ರೂಪ ಕೆಡುತ್ತದೆ, ಉದ್ಧರಣ ಚಿಹ್ನೆ ಬೇರೇನೋ ಆಗಿರುತ್ತದೆ. ಕರಡು ತಿದ್ದುವವರು ಲೇಖನ ಬರೆದವರಲ್ಲದೆ ಬೇರೆಯವರಾಗಿರಲಿ. ವ್ಯಕ್ತಿಗಳ ಹೆಸರುಗಳಿಗೆ ಬೇರೆ ಪಟ್ಟಿ ಮಾಡಿ, ಒಂದು ಸುತ್ತು ಹೆಸರುಗಳನ್ನು ಮಾತ್ರ ನೋಡಿ. ಪುಸ್ತಕ ಕೈಗೆ ಬಂದಾಗ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಹೆಸರನ್ನೇ.

ಪ್ರಶ್ನೆ: ಅವರ ಹೆಸರಿನಲ್ಲಿ ಶಾಶ್ವತ ದತ್ತಿ ಬಹುಮಾನ ಇಡಲು ಹಣ ಕೂಡಿಸುತ್ತಿದ್ದೇವೆ. ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ ಕೊಟ್ಟರಾಯಿತಲ್ಲವೇ?

ಪೂರ್ತಿ ಬಡ್ಡಿ ಹಂಚಿದರೆ ‘ಶಾಶ್ವತ’ ಎಂಬುದು ಕಾಗದದ ಮೇಲೆ ಮಾತ್ರ. ಬೆಲೆಗಳು ವರ್ಷಕ್ಕೆ 6 ಪ್ರತಿಶತ ಏರುತ್ತಿದ್ದರೆ ಅದೇ ಹಣದ ಕೊಳ್ಳುವ ಶಕ್ತಿ 12 ವರ್ಷದಲ್ಲಿ ಅರ್ಧವಾಗುತ್ತದೆ. ಒಂದು ಕಾಲದಲ್ಲಿ ಪುಸ್ತಕಗಳ ಕಟ್ಟು ಕೊಡಿಸುತ್ತಿದ್ದ ದತ್ತಿಗಳು ಈಗ ಒಂದು ಪೆನ್ನಿಗೂ ಸಾಲದೆ ಇರುವುದು ಇದರಿಂದಲೇ. ಬಡ್ಡಿ 7, ಬೆಲೆ ಏರಿಕೆ 5 ಪ್ರತಿಶತ ಎಂದುಕೊಂಡರೆ 2 ಪ್ರತಿಶತ ಮಾತ್ರ ಖರ್ಚು ಮಾಡಿ, 5ನ್ನು ಮೂಲಧನಕ್ಕೆ ಸೇರಿಸಬೇಕು. ಅಂದರೆ ಇಂದಿನ ಬೆಲೆಯಲ್ಲಿ 5,000ದ ಬಹುಮಾನ ಎಂದೆಂದಿಗೂ ನಡೆಯಬೇಕಾದರೆ ಮೂಲಧನ 2,50,000 ಬೇಕು. ಅದೇ ಬಹುಮಾನವನ್ನು ಬೆಲೆಗೆ ತಕ್ಕಂತೆ ಏರಿಸುತ್ತ 20 ವರ್ಷ ಕೊಟ್ಟು ಮುಗಿಸುತ್ತೇವೆಂದರೆ ಸುಮಾರು 80,000 ಸಾಕು. ಹಣ ಕಡಿಮೆ ಇದ್ದಲ್ಲಿ ನಾವು ಎರಡನೆಯದನ್ನೇ ಹೇಳುತ್ತೇವೆ. ಅವರನ್ನು ಕಂಡವರು ಇರುವಷ್ಟು ಕಾಲ ಮರ್ಯಾದೆಯಿಂದ ನಡೆಯುವ ಬಹುಮಾನ ಒಳ್ಳೆಯದು.

ನಿಯಮಾವಳಿ ಒಂದೇ ಪುಟದಲ್ಲಿರಲಿ, ಶಾಲೆಯ ಕಡತದಲ್ಲೂ ಒಂದು ಪ್ರತಿ ಇರಲಿ. ಖಾತೆಯ ಸಹಿದಾರರು ವ್ಯಕ್ತಿಗಳ ಹೆಸರಿನಲ್ಲಲ್ಲ, ಹುದ್ದೆಯ ಹೆಸರಿನಲ್ಲಿರಲಿ. ಸಹಿದಾರರು ತೀರಿಕೊಂಡು ಹಣ ಬ್ಯಾಂಕಿನಲ್ಲಿ ನಿಂತೇ ಹೋಗುವುದು ದತ್ತಿಗಳ ಮಾಮೂಲಿ ಕಾಯಿಲೆ. ಒಂದು ವರ್ಷ ಅರ್ಹರು ಸಿಗದಿದ್ದರೆ, ಶಾಲೆ ಮುಚ್ಚಿದರೆ ಏನು ಎಂಬುದನ್ನೂ ಬರೆದಿಡಿ. ಮತ್ತೆ, ಹೆಚ್ಚು ಅಂಕ ಪಡೆದವರಿಗೆ ಬೇರೆ ಬಹುಮಾನಗಳು ಇದ್ದೇ ಇರುತ್ತವೆ. ಆ ಹೆಡ್‌ಮಾಸ್ಟರರು ಯಾವ ಮಗುವನ್ನು ಗಮನಿಸುತ್ತಿದ್ದರು ಎಂಬುದನ್ನು ನಿಮ್ಮ ಪುಸ್ತಕದ ಲೇಖನಗಳಲ್ಲೇ ಹುಡುಕಿ, ಅಂಥ ಮಗುವಿಗೆ ಸಿಗುವಂತೆ ಅರ್ಹತೆ ಬರೆಯಿರಿ. ಇಡೀ ವರ್ಷ ಹಾಜರಿ ಸುಧಾರಿಸಿಕೊಂಡವರು, ಗ್ರಂಥಾಲಯ ನೋಡಿಕೊಂಡವರು ಹೀಗೆ.

ಪ್ರಶ್ನೆ: ಶಾಲೆಯ ಹಜಾರದಲ್ಲಿ ಕಲ್ಲಿನ ಫಲಕ ಹಾಕಿಸುತ್ತಿದ್ದೇವೆ. ಅಕ್ಷರದ ಗಾತ್ರ ಎಷ್ಟಿರಬೇಕು?

ಓದುವವರು ನಿಲ್ಲುವ ಪ್ರತಿ 10 ಅಡಿ ದೂರಕ್ಕೆ ಅಕ್ಷರದ ಎತ್ತರ 1 ಅಂಗುಲ. ಒತ್ತಕ್ಷರ ಕೆಳಗಿಳಿಯುವುದರಿಂದ ಕನ್ನಡಕ್ಕೆ ಸಾಲಿನ ನಡುವೆ ಅಕ್ಷರದ ಎತ್ತರಕ್ಕಿಂತ ಕಡಿಮೆ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಆಳವಾಗಿ ಕೆತ್ತಿಸಿ, ಮೇಲೆ ಬಳಿದ ಬಂಗಾರದ ಬಣ್ಣ ಹೋದರೂ ಅಕ್ಷರ ಉಳಿಯಬೇಕು. ಕೆತ್ತುವ ಮೊದಲು ನಿಜಗಾತ್ರದ ಕಾಗದದ ಪ್ರತಿಯನ್ನು ಅದೇ ಗೋಡೆಗೆ ಒಂದು ವಾರ ಅಂಟಿಸಿ. ತಪ್ಪು ಕಾಗುಣಿತವನ್ನು ಮಕ್ಕಳೇ ಹಿಡಿದುಕೊಡುತ್ತಾರೆ. ಹೆಸರು, ಹುದ್ದೆ, ಸೇವೆಯ ಅವಧಿ, ಅವರು ಮಾಡಿದ ಒಂದು ಕೆಲಸ, ಇಷ್ಟು ಸಾಕು. ದಾನಿಗಳ ಹೆಸರಿಗೆ ಬೇರೆ ಹಲಗೆ ಇರಲಿ, ಇಲ್ಲದಿದ್ದರೆ ಅವರದೇ ಪಟ್ಟಿ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಪುಸ್ತಕ ಬಿಡುಗಡೆಯಾಯಿತು. ಕೂಡಿಸಿದ ಫೋಟೊ, ಧ್ವನಿಮುದ್ರಣ, ಬಳಸದ ಲೇಖನಗಳನ್ನು ಏನು ಮಾಡುವುದು?

ಮೂಲ ಫೋಟೊ, ಪತ್ರಗಳನ್ನು ಪಟ್ಟಿ ಹಿಡಿದು ಕೊಟ್ಟವರಿಗೆ ಮರಳಿಸಿ ಸಹಿ ಪಡೆಯಿರಿ. ಕಡತಗಳ ಮೂರು ಪ್ರತಿ ಇರಲಿ. ಎರಡು ಬೇರೆ ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕಡತದ ಹೆಸರಲ್ಲಿ ಇಸವಿ, ತಿಂಗಳು, ವಿಷಯ ಮೂರೂ ಇರಲಿ, ‘ಹೊಸದು-ಫೈನಲ್-2’ ಎಂಬಂಥದ್ದು ಬೇಡ. ಜೊತೆಗೆ ಯಾವ ಕಡತದಲ್ಲಿ ಏನಿದೆ, ಯಾರು ಏನಕ್ಕೆ ಒಪ್ಪಿದ್ದಾರೆ ಎಂಬ ಪಟ್ಟಿಯನ್ನು ಮುದ್ರಿಸಿ ಕಾಗದದ ಮೇಲೂ ಇಡಿ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕದ ಪ್ರತಿ ಕೊಡುವಾಗ ಪ್ರವೇಶ ಪುಸ್ತಕದಲ್ಲಿ ನಮೂದಿಸಿ ಕ್ರಮಸಂಖ್ಯೆ ಹಾಕಿಸಿ. ಹಾಗೆ ನಮೂದಾಗದ ಪುಸ್ತಕವನ್ನು ಮುಂದಿನ ಸಲ ಬೀರು ಖಾಲಿ ಮಾಡುವಾಗ ಮೊದಲು ಹೊರಗೆ ಹಾಕುತ್ತಾರೆ.